ಕಂಪನಿ ಗ್ಲಾಸಿಗೆ ಮ್ಯಾಚ್ ಎಂಬ ಸುಳ್ಳು ಅಳತೆ

ಹೊಳೆನರಸೀಪುರ ತಾಲೂಕಿನ ಹಳೇಕೋಟೆ ಕಡೆಯವರು ಹೊಸ ಕಾರು ತಂದರೆ, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗಿ ವಾರ ಕಳೆಯುವುದರೊಳಗೆ ಆ ಕಾರು ಹಾಸನದ ಬಿ.ಎಂ. ರಸ್ತೆಯಲ್ಲೋ ಚನ್ನರಾಯಪಟ್ಟಣದಲ್ಲೋ ಒಂದು ಡೆಕೋರ್ ಅಂಗಡಿಯ ಮುಂದೆ ನಿಂತಿರುತ್ತದೆ. ಸೀಟ್ ಕವರು, ಮ್ಯಾಟು, ಡ್ಯಾಶ್‌ಬೋರ್ಡಿಗೆ ಅಂಟಿಸುವ ಗಣಪತಿ, ಕಡೆಗೆ ಗ್ಲಾಸಿಗೆ ಅಂಟಿಸುವ ಕೂಲಿಂಗ್ ಪೇಪರ್, ಅಂದರೆ ಕಪ್ಪು ಫಿಲ್ಮ್. ಎಷ್ಟು ಕಪ್ಪು ಹಾಕಿಸಬೇಕೆಂದು ಮಾಲೀಕ ತಲೆ ಕೆರೆದುಕೊಳ್ಳುವ ಮೊದಲೇ ಅಂಗಡಿಯ ಹುಡುಗ ತೀರ್ಪು ಕೊಟ್ಟಿರುತ್ತಾನೆ: “ಕಂಪ್ನಿ ಗ್ಲಾಸ್‌ಗೆ ಮ್ಯಾಚ್ ಮಾಡ್ಬುಡಾಣ ಬಿಡಣ್ಣ. ಫ್ಯಾಕ್ಟ್ರಿಯಿಂದ್ಲೇ ಬಂದಂಗೆ ಕಾಣ್ತದೆ. ಪೊಲೀಸ್ನೋರೂ ಕೇಳಲ್ಲ, ಒಳಗೂ ತಣ್ಣಗಿರ್ತದೆ.”

ಈ ಮಾತು ಈಗ ನಮ್ಮ ಕಡೆ ಕಾನೂನಿಗಿಂತ ಗಟ್ಟಿಯಾಗಿ ಬೇರು ಬಿಟ್ಟಿದೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಟ್ಯಾಕ್ಸಿಯವರು, ಅರಕಲಗೂಡಿನ ತಂಬಾಕು ಬೆಳೆಗಾರರು, ಬೆಂಗಳೂರಿನಿಂದ ಶನಿವಾರ ಊರಿಗೆ ಬರುವ ಸಾಫ್ಟ್‌ವೇರ್ ಮಕ್ಕಳು, ಯಾರನ್ನು ಕೇಳಿದರೂ ಒಂದೇ ರಾಗ. ಪೂರಾ ಕಪ್ಪು ಹಾಕಿಸುವವನನ್ನು ಇವರೆಲ್ಲ ಪುಂಡ ಎನ್ನುತ್ತಾರೆ. ತಾವು ಹಾಗಲ್ಲ, ಕಂಪನಿ ಕೊಟ್ಟದ್ದಕ್ಕೆ ಹೊಂದುವಷ್ಟೇ ಹಾಕಿಸಿದ ಮರ್ಯಾದಸ್ಥರು. ನನ್ನ ಜಗಳ ಪುಂಡನ ಜೊತೆಗಲ್ಲ, ಈ ಮರ್ಯಾದಸ್ಥನ ಜೊತೆಗೆ. ಪುಂಡನಿಗೆ ತಾನು ಮಾಡುತ್ತಿರುವುದು ತಪ್ಪು ಎಂದಾದರೂ ಗೊತ್ತು. ಇವನು ಕಣ್ಣಿಗೆ ಕಂಡದ್ದನ್ನು ಅಳತೆ ಎಂದುಕೊಂಡು, ಸಿಕ್ಕಿಬೀಳದಿರುವುದನ್ನೇ ಸರಿಯಾಗಿರುವುದು ಎಂದುಕೊಂಡು, ನೆಮ್ಮದಿಯಾಗಿ ಓಡಾಡುತ್ತಿದ್ದಾನೆ.

ಮ್ಯಾಚ್ ಆಯಿತೋ ಇಲ್ಲವೋ ಎಂದು ನೋಡುವುದು ಹೇಗೆ ಎಂಬಲ್ಲಿಂದಲೇ ಶುರು ಮಾಡೋಣ. ಅಂಗಡಿಯವನು ಸ್ಯಾಂಪಲ್ ಪುಸ್ತಕ ತೆಗೆಯುತ್ತಾನೆ, ಅಂಗೈಯಗಲದ ಫಿಲ್ಮ್ ತುಂಡುಗಳನ್ನು ಒಂದೊಂದಾಗಿ ಮುಂದಿನ ಬಾಗಿಲಿನ ಗ್ಲಾಸಿಗೆ ಹಿಡಿಯುತ್ತಾನೆ, ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ಹಿಂದಿನ ಗ್ಲಾಸನ್ನೂ ಮುಂದಿನದನ್ನೂ ನೋಡುತ್ತಾನೆ. “ಇದು ಕರೆಕ್ಟು.” ಅಲ್ಲಿಗೆ ಅಳತೆ ಮುಗಿಯಿತು. ಮೀಟರಿಲ್ಲ, ಲೆಕ್ಕವಿಲ್ಲ.

ಹೊರಗೆ ನಿಂತು ನೋಡಿದಾಗ ಕಾರಿನ ಗ್ಲಾಸು ಎಷ್ಟು ಕಪ್ಪಾಗಿ ಕಾಣುತ್ತದೆ ಎನ್ನುವುದಕ್ಕೂ ಆ ಗಾಜು ಎಷ್ಟು ಬೆಳಕು ಬಿಡುತ್ತದೆ ಎನ್ನುವುದಕ್ಕೂ ನೇರ ಸಂಬಂಧವಿಲ್ಲ. ಬಿಸಿಲಿನಲ್ಲಿ ನಿಂತವನಿಗೆ ಒಳಗಿನ ಸೀಟು ಕಾಣಬೇಕಾದರೆ ಬೆಳಕು ಮೊದಲು ಗಾಜು ದಾಟಿ ಒಳಗೆ ಹೋಗಬೇಕು, ಸೀಟಿಗೆ ಬಡಿದು ಮತ್ತೆ ಗಾಜು ದಾಟಿ ಹೊರಗೆ ಬರಬೇಕು. ಎರಡು ಸಲ ಸುಂಕ. ನೂರಕ್ಕೆ 50 ಪಾಲು ಬೆಳಕು ಬಿಡುವ ಗಾಜಾದರೆ, ಹೋಗಿ ಬರುವಷ್ಟರಲ್ಲಿ ಉಳಿಯುವುದು 25. ಆಚೆ ಬದಿಯ ಕಿಟಕಿಯಿಂದ ಈಚೆಗೆ ನೋಡಿದರೂ ಅದೇ ಲೆಕ್ಕ, ಎರಡು ಗಾಜು ದಾಟಬೇಕು. ಅದರ ಮೇಲೆ ಸೀಟು ಕಪ್ಪು, ಚಾವಣಿಯ ಬಟ್ಟೆ ಕಪ್ಪು, ಬಾಗಿಲ ಒಳಮೈ ಕಪ್ಪು ಎಂದಾದರೆ ಬಡಿದು ವಾಪಸು ಬರುವ ಬೆಳಕೇ ಅಷ್ಟಕ್ಕಷ್ಟೆ. ಆದ್ದರಿಂದ ಕಂಪನಿಯಿಂದ ಬಂದ, ಕಾನೂನಿನೊಳಗೇ ಇರುವ ಗಾಜೂ ಹೊರಗಿನ ಕಣ್ಣಿಗೆ ಕಡುಗಪ್ಪಾಗಿ ಕಾಣುತ್ತದೆ. ಅದೇ ಗಾಜಿನ ಹಿಂದೆ ಬೆಣ್ಣೆ ಬಣ್ಣದ ಸೀಟು ಹಾಕಿ ನೋಡಿ, ಶೇಡೇ ಇಲ್ಲವೇನೋ ಅನ್ನಿಸುತ್ತದೆ. ಸೂರ್ಯ ಯಾವ ಕಡೆಗಿದ್ದಾನೆ, ಎದುರಿನ ಗೋಡೆ ಸುಣ್ಣದ್ದೋ ಇಟ್ಟಿಗೆಯದೋ, ಅಂಗಡಿಗೆ ಶೀಟಿನ ನೆರಳಿದೆಯೋ ಇಲ್ಲವೋ, ಎಲ್ಲವೂ ಕಣ್ಣಿನ ತೀರ್ಪನ್ನು ಅತ್ತಿತ್ತ ಎಳೆಯುತ್ತವೆ.

ಇಂಥ ಕಣ್ಣಂದಾಜಿನಲ್ಲಿ ಹುಡುಗ ಫಿಲ್ಮ್ ಆರಿಸುವಾಗ ಆಗುವ ಅನಾಹುತ ನೋಡಿ. ಹಿಂದಿನ ಗಾಜು ವಾಸ್ತವದಲ್ಲಿ 50 ಪಾಲು ಬೆಳಕು ಬಿಡುತ್ತದೆ, ಆದರೆ ಹಿಂದಿನ ಸೀಟಿನ ಕತ್ತಲೆಯಿಂದಾಗಿ 20ರ ಹಾಗೆ ಕಾಣುತ್ತದೆ. ಅವನು ಆ ಕಾಣುವ ಕಪ್ಪಿಗೆ ಹೊಂದಿಸಿ 20ರ ಫಿಲ್ಮನ್ನೇ ತೆಗೆಯುತ್ತಾನೆ. ಗಾಜಿಗೆ ಅಂಟಿಸಿದರೆ ಅದು ಇನ್ನೂ ಇಳಿಯುತ್ತದೆ. ಮ್ಯಾಚ್ ಆದದ್ದು ನೆರಳಿಗೆ, ಗಾಜಿಗಲ್ಲ.

ಇನ್ನು ಗುಣಾಕಾರ. ಗಾಜು ಬಿಡುವ ಬೆಳಕಿನ ಪ್ರಮಾಣಕ್ಕೆ ವಿ.ಎಲ್.ಟಿ. ಎನ್ನುತ್ತಾರೆ. ಫಿಲ್ಮಿನ ಡಬ್ಬದ ಮೇಲಿರುವ ಅಂಕಿ ಬರೀ ಫಿಲ್ಮಿನದು, ಅಥವಾ ಬಣ್ಣವಿಲ್ಲದ ಗಾಜಿನ ಮೇಲೆ ಅಂಟಿಸಿ ಅಳೆದದ್ದು. ನಿಮ್ಮ ಕಾರಿನ ಗಾಜು ಅಂಥದ್ದಲ್ಲ. ಇಂದಿನ ಕಾರುಗಳ ಗಾಜಿನಲ್ಲಿ ತೆಳು ಹಸಿರು ಛಾಯೆ ಇರುವುದನ್ನು ಅಂಚಿನಿಂದ ನೋಡಿದರೆ ಯಾರಿಗೂ ಕಾಣುತ್ತದೆ. ಅದು ಮೇಲೆ ಬಳಿದದ್ದಲ್ಲ. ಗಾಜು ಕರಗಿಸುವಾಗಲೇ ಕಬ್ಬಿಣದ ಅಂಶ ಸೇರಿಸಿ ಮಾಡಿದ ಬಣ್ಣ. ಅಂಥ ಬಾಗಿಲ ಗಾಜು 75 ಪಾಲು ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಅದರ ಮೇಲೆ 70ರ ಫಿಲ್ಮ್ ಅಂಟಿಸಿದರೆ ಒಟ್ಟು ಉಳಿಯುವುದು 52.5. ‘ಫಿಫ್ಟಿ’ ಅಂಟಿಸಿದರೆ 37.5. ‘ಥರ್ಟಿಫೈವ್’ ಅಂಟಿಸಿದರೆ 26 ಚಿಲ್ಲರೆ. ‘ಟ್ವೆಂಟಿ’ ಅಂಟಿಸಿದರೆ ಬರೀ 15. “ಕಾನೂನಲ್ಲಿ ಫಿಫ್ಟಿ ಇದೆ ಸಾರ್, ನಾನು ಫಿಫ್ಟಿನೇ ಹಾಕ್ಸಿರೋದು” ಎಂದು ಎದೆಯುಬ್ಬಿಸಿ ಹೇಳುವವನ ಕಾರು ಹೊರಟ ಗಳಿಗೆಯಿಂದಲೇ ಕಾನೂನಿನ ಆಚೆಗಿದೆ. ಬಾಗಿಲ ಗಾಜು 75 ಇದ್ದು ಒಟ್ಟು 50 ಉಳಿಯಬೇಕಾದರೆ ಫಿಲ್ಮು ಕನಿಷ್ಠ 67ರದ್ದಾಗಿರಬೇಕು. ಆ ಫಿಲ್ಮ್ ಅಂಟಿಸಿದರೆ ನೋಡಿದವರಿಗೆ ಅಂಟಿಸಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ದುಡ್ಡು ಕೊಟ್ಟವನಿಗೆ ಅದೇ ಸಂಕಟ.

ಎದುರಿನ ಗಾಜಿನ ಲೆಕ್ಕವಂತೂ ನಗು ಬರಿಸುವಂಥದ್ದು. ಅಲ್ಲಿ ಕಾನೂನು ಕೇಳುವುದು 70. ಗಾಜೇ 75 ಇದ್ದರೆ ಫಿಲ್ಮಿಗೆ ಉಳಿದ ಜಾಗ ಎಷ್ಟು? 93ಕ್ಕಿಂತ ಹೆಚ್ಚು ಬೆಳಕು ಬಿಡುವ ಫಿಲ್ಮ್ ಬೇಕು. ಅಂದರೆ ಏನೂ ಬೇಡ ಎಂದೇ ಅರ್ಥ. ಇನ್ನೊಂದು ವಿಪರ್ಯಾಸ: ದುಬಾರಿ ಮಾಡೆಲುಗಳಲ್ಲಿ ಕಂಪನಿಯೇ ಬಾಗಿಲ ಗಾಜನ್ನು ಸ್ವಲ್ಪ ಗಾಢ ಮಾಡಿ ಕೊಡುತ್ತದೆ, 50ರ ಗೆರೆಗೆ ಹತ್ತಿರ ಹತ್ತಿರ. ಅಂಥ ಗಾಜಿನ ಮೇಲೆ ಯಾವ ಫಿಲ್ಮಿಗೂ ಎಡೆಯಿಲ್ಲ. ಆದರೆ ಮ್ಯಾಚ್ ಶಾಸ್ತ್ರದ ಪ್ರಕಾರ ಕಂಪನಿ ಗ್ಲಾಸು ಗಾಢವಾದಷ್ಟೂ ಫಿಲ್ಮನ್ನೂ ಗಾಢವಾಗಿ ಹಾಕಬಹುದು! ಲೆಕ್ಕ ಹೇಳುವುದಕ್ಕೆ ನೇರ ಉಲ್ಟಾ. ಬೇಸ್ ಮಾಡೆಲ್ ಕೊಂಡವರು ಟಾಪ್ ಮಾಡೆಲಿನಂತೆ ಕಾಣಲೆಂದು ಹಾಕಿಸುವುದೂ ಉಂಟು. ಅದಕ್ಕೆ ನಾನೇನೂ ಹೇಳಲಾರೆ, ಮದುವೆಮನೆಯ ಮುಂದೆ ಕಾರು ನಿಲ್ಲಿಸುವ ಕಷ್ಟ ನಿಲ್ಲಿಸಿದವರಿಗೇ ಗೊತ್ತು.

ಕಾನೂನು ಏನು ಹೇಳುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ: ಎದುರಿನ ಗಾಜು ಮತ್ತು ಹಿಂಬದಿಯ ಗಾಜು ಕನಿಷ್ಠ 70, ಪಕ್ಕದ ಗಾಜುಗಳು ಕನಿಷ್ಠ 50. ಇಷ್ಟು ಸರಳ. ಆದರೂ ದೇಶದ ತುಂಬ ಕಪ್ಪು ಫಿಲ್ಮು ಹಬ್ಬಿತು. ಅವಿಷೇಕ್ ಗೋಯೆಂಕಾ ಎಂಬುವರು ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 2012ರ ಏಪ್ರಿಲ್ 27ರಂದು ತೀರ್ಪು ಕೊಟ್ಟಿತು. ಗಾಜು ಎಷ್ಟು ಬೆಳಕು ಬಿಡಬೇಕೆಂಬುದು ತಯಾರಿಸುವಾಗಲೇ ನಿರ್ಧಾರವಾಗಬೇಕು, ಆಮೇಲೆ ಅದರ ಮೇಲೆ ಕಪ್ಪು ಫಿಲ್ಮಾಗಲಿ ಬೇರೆ ಯಾವುದೇ ವಸ್ತುವಾಗಲಿ ಅಂಟಿಸಕೂಡದು, ಅದರ ವಿ.ಎಲ್.ಟಿ. ಎಷ್ಟೇ ಇರಲಿ. ಮೇ 4ರಿಂದ ಜಾರಿ. ಆ ಬೇಸಿಗೆಯಲ್ಲಿ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಪೊಲೀಸರು ಬ್ಲೇಡು ಹಿಡಿದು ಫಿಲ್ಮ್ ಕೀಳುತ್ತಿದ್ದುದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆ ತೀರ್ಪಿನ ಮುಂದೆ ಮ್ಯಾಚ್ ಎಂಬ ಮಾತಿಗೆ ಅರ್ಥವೇ ಇರಲಿಲ್ಲ. ಕಂಪನಿಯ ಕಪ್ಪು ಬೇರೆ, ಅಂಟಿಸಿದ ಕಪ್ಪು ಬೇರೆ ಎಂಬುದೇ ಅದರ ತಿರುಳು.

ಈಚೆಗೆ ಮಾತು ಬದಲಾಗಿದೆ. 2020ರ ತಿದ್ದುಪಡಿಯಲ್ಲಿ 100ನೇ ನಿಯಮಕ್ಕೆ ‘ಸೇಫ್ಟಿ ಗ್ಲೇಜಿಂಗ್’ ಎಂಬುದೂ ಸೇರಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಗಾಜಿನ ಒಳಮೈಗೆ ಪ್ಲಾಸ್ಟಿಕ್ ಪದರ ಹೊಂದಿದ ಗಾಜೂ ಅದರ ಮಾನದಂಡದೊಳಗೆ ಬರುತ್ತದೆ. ಇದನ್ನು ಹಿಡಿದು 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಎನ್. ನಗರೇಶ್ ಅವರು, ನಿಯಮದ ಮಿತಿಯೊಳಗಿನ ಫಿಲ್ಮ್ ಹಾಕಿದವರಿಗೆ ದಂಡ ಹಾಕುವುದು ಸರಿಯಲ್ಲ ಎಂದರು. ಅಂದಿನಿಂದ ನಮ್ಮ ಅಂಗಡಿಗಳಲ್ಲಿ ಹೊಸ ಮಂತ್ರ: “ಕೇರಳ ಹೈಕೋರ್ಟ್ ಆರ್ಡರ್ ಆಗದೆ ಕಣಣ್ಣ.” ಆರ್ಡರ್ ಆಗಿರುವುದು ನಿಜ. ಆದರೆ ಅದರಲ್ಲಿರುವುದು ಎದುರು ಹಿಂದೆ 70, ಪಕ್ಕ 50 ಎಂಬ ಹಳೆಯ ಅಂಕಿಯೇ. ಕಂಪನಿ ಗ್ಲಾಸಿನಂತೆ ಕಂಡರೆ ಸಾಕು ಎಂದು ಯಾವ ನ್ಯಾಯಾಧೀಶರೂ ಬರೆದಿಲ್ಲ. ಕೇರಳದ ತೀರ್ಪು ಹಾಸನದ ಪೊಲೀಸರನ್ನು ಕಟ್ಟಿಹಾಕುವುದಿಲ್ಲ ಎಂಬ ಮಾತು ಬೇರೆ ಇದೆ. ಅದನ್ನು ಬಿಟ್ಟು ಪೂರ್ತಿ ಒಪ್ಪಿಕೊಂಡರೂ, ಆ ತೀರ್ಪಿನ ನೆರಳಿಗೆ ಬರಬಹುದಾದ ಕಾರುಗಳು ನಮ್ಮ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಏಕೆಂದರೆ ಮಿತಿಯೊಳಗಿನ ಫಿಲ್ಮ್ ಕಣ್ಣಿಗೆ ಅಷ್ಟಾಗಿ ಕಾಣದು, ಕಾಣದ್ದಕ್ಕೆ ಗಿರಾಕಿಯಿಲ್ಲ.

ಮ್ಯಾಚ್ ಮಾಡುವ ಈ ಚಾಳಿ ಬಂದದ್ದಾದರೂ ಎಲ್ಲಿಂದ? ನನ್ನ ಅನುಮಾನ ಅಮೆರಿಕದ ಮೇಲೆ. ಅಲ್ಲಿ ಎಸ್‌ಯುವಿ, ವ್ಯಾನ್, ಪಿಕಪ್‌ಗಳಲ್ಲಿ ಡ್ರೈವರಿನ ಹಿಂದಿರುವ ಗಾಜುಗಳಿಗೆ 70ರ ನಿಯಮ ಅನ್ವಯಿಸುವುದಿಲ್ಲ. ಅದಕ್ಕೇ ಅಲ್ಲಿನ ಕಂಪನಿಗಳು ಹಿಂದಿನ ಗಾಜುಗಳನ್ನು 20ರ ಆಸುಪಾಸಿನಲ್ಲಿ ಕಪ್ಪಾಗಿಯೇ ಮಾಡಿ ಕೊಡುತ್ತವೆ. ಪ್ರೈವೆಸಿ ಗ್ಲಾಸ್ ಎಂದು ಅದಕ್ಕೆ ಹೆಸರು. ಮುಂದಿನ ಬಾಗಿಲು ತಿಳಿ, ಹಿಂದಿನದು ಕಪ್ಪು ಎಂದಾದಾಗ ಕಾರಿನ ಚಂದ ಕೆಡುತ್ತದೆಂದು ಅಲ್ಲಿನವರು ಮುಂದಕ್ಕೂ ಫಿಲ್ಮ್ ಹಾಕಿ ಹೊಂದಿಸುತ್ತಾರೆ. ಎಷ್ಟರ ಫಿಲ್ಮ್ ಹಾಕಿದರೆ ಹೊಂದುತ್ತದೆ ಎಂದು ಅಲ್ಲಿ ಗಂಟೆಗಟ್ಟಲೆ ಚರ್ಚೆ. ಬ್ರಿಟನ್ನಿನಲ್ಲೂ ಡ್ರೈವರಿನ ಹಿಂದಿನ ಗಾಜುಗಳಿಗೆ ಮಿತಿಯಿಲ್ಲ. ನಮ್ಮ ನಿಯಮದಲ್ಲಿ ಅಂಥ ವಿನಾಯಿತಿಯೇ ಇಲ್ಲ: ಹಿಂದಿನ ಬಾಗಿಲೂ 50, ಡಿಕ್ಕಿಯ ಗಾಜೂ 70. ನಮ್ಮ ಕಂಪನಿಗಳು ಅಷ್ಟು ಕಪ್ಪು ಗಾಜು ಮಾಡಿ ಮಾರುವುದೇ ಇಲ್ಲವೆಂದ ಮೇಲೆ ನಾವು ಹೊಂದಿಸುತ್ತಿರುವುದು ಯಾವುದಕ್ಕೆ? ಫೋನಿನಲ್ಲಿ ನೋಡಿದ ಟೆಕ್ಸಾಸಿನ ಕಾರಿಗೆ, ಹಾಸನದ ರಿಜಿಸ್ಟ್ರೇಷನ್ ಪ್ಲೇಟು ಹಾಕಿಕೊಂಡು.

ಇನ್ನು ತಂಪಿನ ಮಾತು. ಹಾಸನಕ್ಕೆ ‘ಬಡವರ ಊಟಿ’ ಎಂಬ ಬಿರುದಿದೆ. ಬಡವರ ಊಟಿಯಲ್ಲಿ ಸೆಕೆಗೆ ಹೆದರಿ ಗ್ಲಾಸು ಮುಚ್ಚುವುದೇ ತಮಾಷೆ ಎನ್ನೋಣವೆಂದರೆ, ಈಚೆಗಿನ ಏಪ್ರಿಲ್‌ಗಳು ಆ ಬಿರುದನ್ನು ಕಿತ್ತುಕೊಳ್ಳುವ ಹಾಗಿವೆ. ಹೊಳೆನರಸೀಪುರದ ಸಂತೆಯ ದಿನ ಮಧ್ಯಾಹ್ನ ನಿಲ್ಲಿಸಿದ ಕಾರಿನ ಸ್ಟೇರಿಂಗ್ ಮುಟ್ಟಲಾಗದು, ನಿಜ. ಆದರೆ ಕಪ್ಪಿಗೂ ತಂಪಿಗೂ ಇರುವ ನಂಟು ಜನ ತಿಳಿದಷ್ಟಿಲ್ಲ. ಬಿಸಿಲಿನಲ್ಲಿ ಬರುವ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಅವಗೆಂಪು ಕಿರಣದ್ದು. ಬರೀ ಬಣ್ಣ ಹಾಕಿದ ಅಗ್ಗದ ಕಪ್ಪು ಫಿಲ್ಮ್ ಕಾಣುವ ಬೆಳಕನ್ನು ತಡೆಯುತ್ತದೆ, ಕಾಣದ ಶಾಖದ ಬಹುಪಾಲನ್ನು ಒಳಗೆ ಬಿಡುತ್ತದೆ. ತಡೆದ ಬೆಳಕೂ ಎಲ್ಲಿಗೂ ಹೋಗುವುದಿಲ್ಲ, ಫಿಲ್ಮನ್ನೂ ಗಾಜನ್ನೂ ಕಾಯಿಸುತ್ತದೆ. ಆ ಕಾವಿನಲ್ಲಿ ಒಂದು ಪಾಲು ಒಳಕ್ಕೇ ಬರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅಂಥ ಗಾಜಿನ ಒಳಮೈಗೆ ಕೈಯಿಟ್ಟು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅವಗೆಂಪನ್ನೇ ಗುರಿಯಾಗಿಸಿ ಮಾಡಿದ ಒಳ್ಳೆಯ ಸೆರಾಮಿಕ್ ಫಿಲ್ಮ್ 70 ಪಾಲು ಬೆಳಕು ಬಿಟ್ಟುಕೊಂಡೇ ಆ ಅಗ್ಗದ ಇಪ್ಪತ್ತಕ್ಕಿಂತ ಹೆಚ್ಚು ಶಾಖ ತಡೆಯಬಲ್ಲದು. ಅದರ ಬೆಲೆ ಹಲವು ಪಟ್ಟು. ಅಷ್ಟು ಕೊಟ್ಟೂ ಕಾರು ಕಪ್ಪಾಗಿ ಕಾಣುವುದಿಲ್ಲವೆಂದರೆ ಕೊಳ್ಳುವವರು ಯಾರು? ಸೆಕೆಯ ನೆಪ ಹೇಳುವವರು ಅಂಗಡಿಯಲ್ಲಿ ಶಾಖ ಎಷ್ಟು ತಡೆಯುತ್ತದೆ ಎಂದು ಕೇಳುವುದನ್ನು ನಾನು ಕಂಡಿಲ್ಲ. ಕೇಳುವುದೆಲ್ಲ ಶೇಡು.

ಎದುರು ಪಕ್ಷದವರ ಗಟ್ಟಿ ವಾದವೆಂದರೆ ಹೆಂಗಸರದು, ಮಕ್ಕಳದು. ಮನೆಯವರು ಹಿಂದೆ ಕೂತಿರುತ್ತಾರೆ, ದಾರಿಯುದ್ದಕ್ಕೂ ಕಂಡಕಂಡವರು ಇಣುಕಿ ನೋಡಬಾರದು. ಎಳೆಮಗು ಮಲಗಿರುತ್ತದೆ, ಕಣ್ಣಿಗೆ ಬಿಸಿಲು ಬೀಳಬಾರದು. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಾಣಂತಿಯನ್ನು ಕರೆದುಕೊಂಡು ಹೋಗುವವರಿಗೆ ಇದರ ಬೆಲೆ ಗೊತ್ತು. ಆದರೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ: 50ರ ಮಿತಿಗೆ ಸರಿಯಾಗಿರುವ ಗಾಜು ಹಗಲಿನಲ್ಲಿ ಹೊರಗಿನವರ ಕಣ್ಣಿಗೆ ಕಾಲು ಪಾಲು ಬೆಳಕನ್ನಷ್ಟೇ ಕೊಡುತ್ತದೆ. ಓಡುವ ಕಾರಿನ ಒಳಗೆ ಇಣುಕುವುದಕ್ಕೆ ಅಷ್ಟೇ ಸಾಕಷ್ಟು ಅಡ್ಡಿ. ಪೂರಾ ಕತ್ತಲೆ ಹೆಣ್ಣಿಗೆ ರಕ್ಷಣೆ ಎಂಬ ನಂಬಿಕೆಯಂತೂ, ಓಡುವ ಬಸ್ಸಿನಲ್ಲಿ ಯುವತಿಯ ಮೇಲೆ ಅತ್ಯಾಚಾರ ನಡೆದ 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಮುಗಿಯಬೇಕಿತ್ತು. ಆ ಬಸ್ಸಿಗೆ ಕಪ್ಪು ಫಿಲ್ಮಿತ್ತು, ಪರದೆಯೂ ಇತ್ತು. ಸುಪ್ರೀಂ ಕೋರ್ಟು ಬೇಡವೆಂದು ಎಂಟು ತಿಂಗಳೂ ಆಗಿರಲಿಲ್ಲ. ಮಕ್ಕಳ ವಿಷಯಕ್ಕೆ ಬಂದರೆ, ನಿಂತ ಕಾರಿನೊಳಗೆ ಆಡಲು ಹೊಕ್ಕು ಬಾಗಿಲು ಲಾಕಾಗಿ ಉಸಿರುಗಟ್ಟಿದ ಸುದ್ದಿಯನ್ನು ಬೇಸಿಗೆಯ ಪತ್ರಿಕೆಗಳಲ್ಲಿ ಓದದವರಿಲ್ಲ. ಕಾರಿನ ಪಕ್ಕದಲ್ಲೇ ಹತ್ತು ಜನ ಓಡಾಡಿದರೂ ಒಳಗೆ ಯಾರಿದ್ದಾರೆಂದು ಕಾಣಬೇಕಲ್ಲ. ನಾಲೆಗೆ ಬಿದ್ದ ಕಾರಿನ ವಿಷಯವೂ ಹಾಗೆಯೇ. ಹೇಮಾವತಿಯ ನಾಲೆಗಳ ಏರಿಯ ಮೇಲೆ ಓಡಾಡುವ ನಮಗೆ ಇದು ದೂರದ ಮಾತಲ್ಲ. ಒಳಗಿದ್ದವರು ಹೊರಗೆ ಬರಲು ಬಾಗಿಲ ಗಾಜು ಒಡೆದರೆ ಕಾಳುಕಾಳಾಗಿ ಉದುರಬೇಕು, ಅದನ್ನು ಹಾಗೆಯೇ ಹದ ಮಾಡಿರುತ್ತಾರೆ. ಫಿಲ್ಮ್ ಅಂಟಿದ್ದರೆ ಕಾಳುಗಳನ್ನೆಲ್ಲ ಹಿಡಿದುಕೊಂಡು ಹಾಳೆಯಂತೆ ನಿಲ್ಲುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ರಾತ್ರಿಯ ರಸ್ತೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಡುವಿನ ದಾರಿಗಳಲ್ಲಿ ಊರು ದಾಟಿದರೆ ದೀಪವಿಲ್ಲ. ಚನ್ನರಾಯಪಟ್ಟಣ ತಾಲೂಕಿನ ಶ್ರೀನಿವಾಸಪುರದ ಸಕ್ಕರೆ ಕಾರ್ಖಾನೆ ನುರಿಯುವ ಕಾಲಕ್ಕೆ ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವಿಲ್ಲದೆ, ಅಗಲಕ್ಕೆ ಹರಡಿಕೊಂಡು ಹೋಗುತ್ತಿರುತ್ತವೆ. ಸೈಕಲ್ಲಿನ ಮೇಲೆ ಹಾಲಿನ ಕ್ಯಾನು, ಟಾರಿನ ಮೇಲೆ ಒಣಗಲು ಹರಡಿದ ರಾಗಿ ಹುಲ್ಲು, ಹಸುವಿನ ಹಗ್ಗ ಹಿಡಿದು ಅಂಚಿನಲ್ಲಿ ನಡೆಯುವ ಮುದುಕ. ಆಲೂರು, ಸಕಲೇಶಪುರದ ಕಡೆಗಾದರೆ ಆನೆ. ತಿರುವಿನಲ್ಲಿ ಡ್ರೈವರ್ ನೋಡಬೇಕಾದದ್ದು ಎದುರಿನ ಗಾಜಿನಿಂದಲ್ಲ, ಪಕ್ಕದ ಗಾಜಿನಿಂದ. ಹೆಡ್‌ಲೈಟಿನ ಬೆಳಕು ಆ ಕಡೆಗೆ ತಿರುಗಿಯೇ ಇರುವುದಿಲ್ಲ. ಇರುವ ಅಲ್ಪಸ್ವಲ್ಪ ಬೆಳಕಿನಲ್ಲಿ 15 ಪಾಲು ಮಾತ್ರ ಒಳಗೆ ಬಂದರೆ ಮುದುಕ ಕಾಣುವುದಿಲ್ಲ, ಅಷ್ಟೆ. ಬಲಗಡೆಯ ಕನ್ನಡಿಯನ್ನೂ ನೋಡುವುದು ಅದೇ ಗಾಜಿನ ಮೂಲಕ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಹಿಗ್ಗುವುದು ಕಡಿಮೆಯಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರವನ ಕಣ್ಣಿನ ಪರದೆಗೆ ತಲುಪುವ ಬೆಳಕು ಇಪ್ಪತ್ತರವನದರ ಸುಮಾರು ಮೂರನೇ ಒಂದು ಭಾಗ ಎನ್ನುತ್ತಾರೆ. ಮಗ ಹಾಕಿಸಿದ ಶೇಡಿನ ಕಾರನ್ನು ಅಪ್ಪ ಓಡಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗಾಜಿನ ಕತ್ತಲೆ, ಕಣ್ಣಿನ ಕತ್ತಲೆ ಎರಡೂ ಗುಣಿಸಿಕೊಳ್ಳುತ್ತವೆ, ಕೂಡಿಕೊಳ್ಳುವುದಲ್ಲ.

“ನಂಗೇನೂ ತೊಂದ್ರೆ ಆಗಿಲ್ಲಪ್ಪ, ಕಾಣ್ತದೆ” ಎನ್ನುವವರನ್ನು ರಾತ್ರಿ ರಿವರ್ಸ್ ತೆಗೆಯುವಾಗ ಗಮನಿಸಿ. ಗ್ಲಾಸ್ ಇಳಿಸಿ, ತಲೆ ಹೊರಗೆ ಹಾಕಿ, “ಬರ್ಲಾ? ಬರ್ಲಾ?” ಎಂದು ಕೇಳುತ್ತಾ ತೆಗೆಯುತ್ತಾರೆ. ಗ್ಲಾಸಿನಿಂದ ಕಾಣುವುದಾದರೆ ಇಳಿಸಿದ್ದೇಕೆ? ಹಿಂದಿನ ವಾಹನದ ಹೈಬೀಮ್ ಕಣ್ಣಿಗೆ ಕುಕ್ಕುವುದಿಲ್ಲ ಎಂಬ ಲಾಭವನ್ನೂ ಕೆಲವರು ಹೇಳುತ್ತಾರೆ. ಅದಕ್ಕೆಂದೇ ಒಳಗನ್ನಡಿಯ ಕೆಳಗೆ ಒಂದು ಚಿಕ್ಕ ಕೀಲಿದೆ. ರಾತ್ರಿ ಅದನ್ನು ಮಡಚಿದರೆ ಸಾಕು. ಬಹಳ ಜನ ಅದನ್ನು ಮುಟ್ಟಿಯೇ ನೋಡಿಲ್ಲ.

ಹಗಲಿನಲ್ಲೂ ಒಂದು ನಷ್ಟವಿದೆ, ಅದು ಯಾವ ಮೀಟರಿಗೂ ಸಿಗುವುದಲ್ಲ. ನಮ್ಮ ಊರುಗಳಲ್ಲಿ ರಸ್ತೆ ದಾಟುವವರು ಸಿಗ್ನಲ್ ನೋಡಿ ದಾಟುವುದಿಲ್ಲ, ಡ್ರೈವರಿನ ಮುಖ ನೋಡಿ ದಾಟುತ್ತಾರೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಅಂಚಿನಲ್ಲಿ ನಿಲ್ಲುತ್ತಾಳೆ, ಒಳಗಿರುವವನು ತನ್ನನ್ನು ಕಂಡನೋ ಇಲ್ಲವೋ ಎಂದು ನೋಡುತ್ತಾಳೆ. ಅವನು ಗೋಣು ಹಾಕಿದರೆ, ಕೈ ಎತ್ತಿದರೆ, ಕಾಲು ಮುಂದಿಡುತ್ತಾಳೆ. ತಿರುವಿನಲ್ಲಿ ನಿಧಾನಿಸಿದ ಕಾರಿನ ಪಕ್ಕದ ಗಾಜಿನಲ್ಲಿ ಅವಳಿಗೆ ತನ್ನದೇ ಮುಖ ಕಂಡರೆ ಅವಳು ಏನೆಂದು ತಿಳಿಯಬೇಕು? ಫಿಲ್ಮ್ ಹಾಕಿಸಿದವನು ತನ್ನ ನೋಟವೊಂದನ್ನೇ ಲೆಕ್ಕ ಹಾಕಿದ್ದಾನೆ, ತನ್ನನ್ನು ನೋಡಬೇಕಾದವರ ನೋಟವನ್ನಲ್ಲ.

ಹಾಗಾದರೆ ಈ ಮ್ಯಾಚ್ ಶಾಸ್ತ್ರ ಇಷ್ಟು ದಿನ ಬಾಳಿದ್ದು ಹೇಗೆ? ಅದಕ್ಕೆ ಪೊಲೀಸರೂ ಪಾಲುದಾರರು. ಅಂಗಡಿಯವನ ಬಳಿ ಮೀಟರಿಲ್ಲ ಎಂದೆ. ರಸ್ತೆಯಲ್ಲಿ ತಡೆಯುವವರ ಕೈಯಲ್ಲೂ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಅಂಗಡಿಯವನು ಯಾವ ಕಣ್ಣಂದಾಜಿನಲ್ಲಿ ಅಂಟಿಸಿದನೋ ಅದೇ ಕಣ್ಣಂದಾಜಿನಲ್ಲಿ ಅವರು ಹಿಡಿಯುತ್ತಾರೆ ಅಥವಾ ಬಿಡುತ್ತಾರೆ. ಅತಿಯಾಗಿ ಕಪ್ಪಿದ್ದರೆ ಕೈ ಅಡ್ಡ, ಕಂಪನಿಯದರಂತೆ ಕಂಡರೆ ಮುಂದಕ್ಕೆ. ಹಿಡಿದರೂ ಆಗುವುದೇನು? ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನಿನಲ್ಲಿ ಮೊದಲ ಸಲದ ದಂಡಕ್ಕೆ 500 ರೂಪಾಯಿಯ ಮಿತಿ. ಫಿಲ್ಮಿಗೆ ಸುರಿದ ದುಡ್ಡಿನ ಮುಂದೆ ಅದು ಚಿಲ್ಲರೆ. ಇನ್ನು ಚುನಾವಣೆ ಬಂದಾಗ ಬಿಳಿ ಕಾರುಗಳ ಸಾಲು ಸಾಲು ಊರಿಗೆ ಬರುತ್ತದೆ, ಗ್ಲಾಸುಗಳು ಅಮಾವಾಸ್ಯೆ. ಒಬ್ಬ ಪ್ರಧಾನಿಯನ್ನು ದೇಶಕ್ಕೆ ಕೊಟ್ಟ ಹೊಳೆನರಸೀಪುರ ತಾಲೂಕಿನಲ್ಲಿ ದೊಡ್ಡವರ ಕಾರು ಹೊಸದಲ್ಲ. ಆದರೆ 2012ರ ತೀರ್ಪಿನಲ್ಲಿ ವಿನಾಯಿತಿಯ ಬಾಗಿಲು ತೆರೆದದ್ದು ಝಡ್, ಝಡ್ ಪ್ಲಸ್ ಭದ್ರತೆ ಇರುವವರಿಗೆ ಮಾತ್ರ, ಅದೂ ರಾಜ್ಯದ ಪೊಲೀಸ್ ಮುಖ್ಯಸ್ಥರು ಮತ್ತು ಗೃಹ ಕಾರ್ಯದರ್ಶಿಯ ಸಮಿತಿ ಪರಿಶೀಲಿಸಿದರೆ. ತಾಲೂಕು ಮಟ್ಟದ ಮುಖಂಡರಿಗೆ, ಅವರ ಭಾವಮೈದುನರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅವರನ್ನು ಬಿಟ್ಟು ಟ್ಯಾಕ್ಸಿಯವನ ಗ್ಲಾಸನ್ನು ಮಾತ್ರ ಕೀಳುವ ಇಲಾಖೆಯನ್ನು ನೋಡಿ ಜನ ಕಲಿತ ಪಾಠ ಒಂದೇ: ಎದ್ದು ಕಾಣದಂತೆ ಹಾಕಿಸು. ಮ್ಯಾಚ್ ಎಂದರೆ ಆ ಪಾಠವೇ.

ಮೂರು ನಾಲ್ಕು ಬೇಸಿಗೆ ಕಳೆದ ಮೇಲೆ ಆ ಮ್ಯಾಚೂ ಉಳಿಯುವುದಿಲ್ಲ. ಗಾಜಿನೊಳಗಿನ ಬಣ್ಣ ಗಾಜು ಇರುವ ತನಕ ಇರುತ್ತದೆ. ಅಗ್ಗದ ಫಿಲ್ಮಿನ ಬಣ್ಣ ಬಿಸಿಲಿಗೆ ನೇರಳೆಗೆ ತಿರುಗುತ್ತದೆ, ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಆಗ ಕಾರಿನ ಮುಂದಿನ ಬಾಗಿಲು ಒಂದು ಬಣ್ಣ, ಹಿಂದಿನದು ಇನ್ನೊಂದು. ಕೀಳಿಸಲು ಹೋದರೆ ಹಿಂಬದಿಯ ಗಾಜಿನ ಮೇಲೆ ಅಡ್ಡಡ್ಡ ಎಳೆದಿರುವ ತೆಳು ಕಂದು ಗೆರೆಗಳ ಕಥೆ ಮುಗಿಯಿತು. ಅವು ಅಲಂಕಾರದ ಗೆರೆಗಳಲ್ಲ, ಮಂಜು ಒಣಗಿಸುವ ತಂತಿಗಳು. ಫಿಲ್ಮಿನ ಅಂಟು ಅವನ್ನು ಹಿಡಿದಿರುತ್ತದೆ. ಬ್ಲೇಡು ಹಾಕಿ ಎಬ್ಬಿಸಿದರೆ ಗೆರೆಯೂ ಎದ್ದು ಬರುತ್ತದೆ. ಒಂದು ಕಡೆ ತುಂಡಾದರೆ ಆ ಗೆರೆ ಮತ್ತೆ ಕಾಯುವುದಿಲ್ಲ. ಧನುರ್ಮಾಸದ ಬೆಳಗ್ಗೆ ಆರು ಗಂಟೆಗೆ ಗೊರೂರಿನ ಕಡೆಯಿಂದ ಹೊರಟವರು ಹಿಂದಿನ ಗಾಜನ್ನು ಬಟ್ಟೆಯಲ್ಲಿ ಒರೆಸಿಕೊಂಡೇ ಬರಬೇಕು.

ಹೀಗೆಲ್ಲ ಹೇಳಿದರೂ ಫಿಲ್ಮ್ ಬೇಕೇ ಬೇಕು ಎನ್ನುವವರಿರುತ್ತಾರೆ. ಅವರು ಅಂಗಡಿಯಲ್ಲಿ ಕೇಳಬೇಕಾದದ್ದು ಎರಡೇ. ಮೊದಲು, ನನ್ನ ಕಾರಿನ ಬಾಗಿಲ ಗಾಜು ಈಗ ಎಷ್ಟು ಬೆಳಕು ಬಿಡುತ್ತಿದೆ, ಅಳೆದು ತೋರಿಸಿ. ಗಾಜು ಇಳಿಸಿ ಎರಡೂ ಮಗ್ಗುಲಿಗೆ ಹಿಡಿಯುವ ಅಂಗೈಯಷ್ಟು ಗಾತ್ರದ ಮೀಟರುಗಳಿವೆ, ಮಾರಾಟಕ್ಕೂ ಸಿಗುತ್ತವೆ, ದೊಡ್ಡ ಬಂಡವಾಳವೇನಲ್ಲ. ಅದನ್ನು ಇಟ್ಟುಕೊಳ್ಳದ ಅಂಗಡಿಯಲ್ಲಿ ಫಿಲ್ಮ್ ಹಾಕಿಸುವುದೂ ತಕ್ಕಡಿಯಿಲ್ಲದ ಅಂಗಡಿಯಲ್ಲಿ ಬೆಳ್ಳಿ ಕೊಳ್ಳುವುದೂ ಒಂದೇ. ಎರಡನೆಯದು, ಗಾಜು ಫಿಲ್ಮ್ ಎರಡೂ ಸೇರಿ ಉಳಿಯುವ ವಿ.ಎಲ್.ಟಿ. ಎಷ್ಟೆಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿ ಕೊಡಿ. ಶೇಡಿನ ಹೆಸರಲ್ಲ, ಅಂಕಿ. ಫಿಲ್ಮ್ ಕಂಪನಿಯ ವಾರಂಟಿ ಕಾರ್ಡಲ್ಲ, ಅಂಗಡಿಯ ಬಿಲ್ಲು. “ಕಂಪ್ನಿ ಗ್ಲಾಸ್ ಥರಾನೇ ಕಾಣ್ತದೆ ಅಣ್ಣ, ಅದೆಲ್ಲಾ ಯಾಕೆ” ಎಂದು ಹುಡುಗ ಸ್ಕ್ವೀಜಿ ಕೈಗೆತ್ತಿಕೊಂಡರೆ, ಗಾಜಿಗೆ ಶಾಂಪೂ ನೀರು ಬೀಳುವ ಮೊದಲೇ ಕಾರಿನ ಕೀ ವಾಪಸು ಇಸಿದುಕೊಳ್ಳಿ.